ಇಲಿ ತಿನ್ನುವವನಿಗೆ, ಕೋತಿ ತಿನ್ನುವವನಿಂದ

ಚಿಪಾಟಾ
ಜೂನ್ 3, 1995

ಕೋತಿ ತಿನ್ನುವ ಕುಲದ ಕಳಶ, ಮರ ಹತ್ತುವುದರಲ್ಲಿ ಅಗ್ರಗಣ್ಯ, ಬೆಂಬಾ ಜನರ ಶಾಶ್ವತ ಅವಮಾನ ಚಿಲೆಕ್ವಾನಿಗೆ,

ಈ ಪತ್ರ ತಂದು ಕೊಟ್ಟವನು ನನ್ನ ತಮ್ಮ ಮಟೆಯೊ. ಗುರುತು ಹಿಡಿಯುವುದು ಕಷ್ಟವಲ್ಲ. ನನ್ನದೇ ಮುಖ, ಎರಡನೇ ಸಲ ಮಾಡುವ ಹೊತ್ತಿಗೆ ದೇವರ ಕೈ ಪಳಗಿತ್ತು, ಅಷ್ಟೇ ವ್ಯತ್ಯಾಸ.

ವನ್ಯಜೀವಿ ಇಲಾಖೆ ಅವನಿಗೆ ನನ್ನ ಹಳೆಯ ಕೆಲಸವನ್ನೇ ಕೊಟ್ಟಿದೆ. ನಿಮ್ಮ ಕ್ಯಾಂಪಿನ ಅತಿಥಿಗಳು ಕಾಲ್ನಡಿಗೆಯಲ್ಲಿ ಪ್ರಾಣಿ ನೋಡಲು ಹೊರಟಾಗ ಬಂದೂಕು ಹಿಡಿದು ಎಲ್ಲರಿಗಿಂತ ಮುಂದೆ ನಡೆಯುವುದು. ಅವನ ಬೆನ್ನಿಗೆ ಗೈಡ್ ಮಹಾಶಯನಾದ ನೀನು, ನಿನ್ನ ಬೆನ್ನಿಗೆ ಬಿಳಿಯರು, ಕಟ್ಟಕಡೆಗೆ ಚಹಾದ ಬುಟ್ಟಿ ಹೊತ್ತವನು. ಹನ್ನೆರಡು ವರ್ಷ ಮುಂದೆ ನಡೆದು ನಾನು ಕಂಡುಕೊಂಡ ಸತ್ಯ ಒಂದೇ: ಆ ಸಾಲಿನಲ್ಲಿ ಎಲ್ಲಕ್ಕಿಂತ ಭದ್ರವಾಗಿರುವುದು ಚಹಾ.

ನನ್ನ ಸಮಾಚಾರ ಕೇಳುತ್ತೀಯಲ್ಲ. ಸಿಂಹ, ಆನೆ, ನೀರಾನೆಗಳ ನಡುವೆ ಅಷ್ಟು ವರ್ಷ ಓಡಾಡಿ ಒಂದು ಗೀರೂ ಆಗದವನು ರಜೆಗೆ ಊರಿಗೆ ಬಂದು ಎಲೆಕೋಸಿನ ಲಾರಿಗೆ ಕಾಲು ಕೊಟ್ಟೆ. ಅದು ಸಿಂಹವಾಗಿದ್ದರೆ ನನ್ನ ಹೆಸರಿನಲ್ಲಿ ಹಾಡು ಕಟ್ಟುತ್ತಿದ್ದರು. ಎಲೆಕೋಸಿನ ಮೇಲೆ ಯಾರು ಹಾಡು ಕಟ್ಟುತ್ತಾರೆ? ಈಗ ಮಾರುಕಟ್ಟೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆ ಹುಡುಗಿಯರ ಲಂಗ ಹೊಲಿಯುತ್ತೇನೆ. ಒಂಟಿ ಕಾಲಿಗೂ ಯಂತ್ರ ತಿರುಗುತ್ತದೆ. ಮನುಷ್ಯರಿಗಿಂತ ಅದಕ್ಕೆ ದಯೆ ಜಾಸ್ತಿ.

ಗೇಲಿ ಒಂದು ಗಳಿಗೆ ಪಕ್ಕಕ್ಕಿಡುತ್ತೇನೆ. ಅಮ್ಮ ಹೋದಾಗ ಇವನಿಗೆ ಹಾಲುಹಲ್ಲು ಬಿದ್ದಿರಲಿಲ್ಲ. ಸಾಕಿದವನು ನಾನು. ಈಗ ಇವನ ಹೆಂಡತಿ ಟಿಸೌಕೆ ಬಸುರಿ, ಅಕ್ಟೋಬರಿನಲ್ಲಿ ಹೆರಿಗೆ. ಮಳೆ ಶುರುವಾಗಿ ಕ್ಯಾಂಪ್ ಮುಚ್ಚಿದಾಗ ಇವನನ್ನು ಎರಡು ಕಾಲಿನ ಮೇಲೆ ನಡೆಸಿ ವಾಪಸು ಕಳಿಸು. ಈ ಮನೆಯಲ್ಲಿ ಊರುಗೋಲು ಇರುವುದು ಒಂದೇ ಜೊತೆ.

ನಿನ್ನ ಒಡೆಯ,
ಜಕೆಯೊ ಜೆರೆ


ಕತಂಬಾ ಕ್ಯಾಂಪ್, ಲುವಾಂಗ್ವಾ ನದಿ ದಂಡೆ
ಜುಲೈ 17, 1995

ಇಲಿ ತಿನ್ನುವ ವಂಶದ ಮಹಾರಾಜ, ಸಕಲ ಬಿಲಗಳ ಅಧಿಪತಿ, ಎಲೆಕೋಸಿಗೆ ಸೋತ ಙ್ಗೋನಿ ಕುಲದ ವೀರ ಜಕೆಯೊನಿಗೆ,

ನಿನ್ನ ತಮ್ಮ ಬಂದ ದಿನವೇ ಅವನ ಚೀಲ ತಪಾಸಣೆ ಮಾಡಿದೆ. ಒಳಗೆ ಕಡ್ಡಿಗೆ ಕಟ್ಟಿದ ಒಣ ಇಲಿ. “ಇದೇನೋ ಇದು?” ಅಂದೆ. “ಬುತ್ತಿ. ಈ ಕ್ಯಾಂಪಲ್ಲಿ ಒಬ್ಬ ಬೆಂಬಾ ಇದಾನೆ, ಸಾರಿಗೆ ಏನು ಹಾಕ್ತಾನೋ ಹೇಳಕ್ಕಾಗಲ್ಲ, ಹುಷಾರು ಅಂತ ಅಣ್ಣ ಹೇಳಿದ್ದ” ಅಂದ. ನಿನ್ನ ತಮ್ಮನೇ ಹೌದು ಎಂದು ಅಲ್ಲಿಗೆ ಖಾತರಿಯಾಯಿತು. ಮುಖ ನೋಡಬೇಕಾಗಿಯೇ ಬರಲಿಲ್ಲ.

ನಿನ್ನೆಯ ದಿನದ ವರದಿ ಒಪ್ಪಿಸುತ್ತೇನೆ, ಲಂಗ ಹೊಲಿಯುತ್ತಾ ಹೊಟ್ಟೆ ಉರಿಸಿಕೋ. ಅತಿಥಿಗಳು ನಾಲ್ವರು. ಇಂಗ್ಲೆಂಡಿನ ಮಿಸೆಸ್ ಪೆಂಬರ್ಟನ್, ನಿವೃತ್ತ ಹೆಡ್‌ಮಿಸ್ಟ್ರೆಸ್; ಆಕೆಯ ಗಂಡ, ಬಹುಶಃ ಮದುವೆಯ ದಿನದಿಂದ ಮಾತು ನಿಲ್ಲಿಸಿದವರು; ಮತ್ತೆ ಇಬ್ಬರು ಸೋದರರು, ಒಬ್ಬೊಬ್ಬರ ಎದೆಯ ಮೇಲೂ ಹಾಲು ಕುಡಿಯುವ ಮಗುವಿನಷ್ಟು ದೊಡ್ಡ ಕ್ಯಾಮೆರಾ. ಸೋದರರಿಗೆ ಸಿಂಹ ಬೇಕು. ಸಿಂಹಕ್ಕೆ ಸೋದರರು ಬೇಡ. ಹಾಗಾಗಿ ನಾವು ನೋಡಿದ್ದು ಸಿಂಹದ ಹಿಕ್ಕೆ. ಅದನ್ನು ಅವರು ನಾಲ್ಕು ದಿಕ್ಕಿನಿಂದಲೂ ಫೋಟೋ ಹಿಡಿದರು. ಮದುವೆ ಹೆಣ್ಣಿಗೂ ಅಷ್ಟು ಫೋಟೋ ಹಿಡಿಯುವುದಿಲ್ಲ.

ಉಳಿದಂತೆ ಕಾಡು ಉದಾರವಾಗಿತ್ತು. ಮಡುವಿನಲ್ಲಿ ನೀರಾನೆಗಳು ಶಾಸನಸಭೆಯವರ ಹಾಗೆ ಒತ್ತಾಗಿ ಕುಳಿತು ಆಕಳಿಸುತ್ತಿದ್ದವು. ಜಿರಾಫೆಯೊಂದು ಮಿಸೆಸ್ ಪೆಂಬರ್ಟನ್‌ರನ್ನು ಮೇಲಿಂದ ಕೆಳಗೆ ನೋಡಿತು; ಅವರು ಟೋಪಿ ಸರಿಮಾಡಿಕೊಂಡರು. ಕಾಡುನಾಯಿಗಳು ಬೆಳಗಿನ ಬೇಟೆ ಮುಗಿಸಿ, ಮೂತಿ ಕೆಂಪಗೆ ಮಾಡಿಕೊಂಡು, ಮರಿಗಳಿಗೆ ಮಾಂಸ ಕಕ್ಕಿ ತಿನ್ನಿಸುತ್ತಿದ್ದವು. ಗಂಡ ಮೊದಲ ಸಲ ಬಾಯಿ ಬಿಟ್ಟು “ಉಪಯೋಗಕರ” ಅಂದರು.

ನಿನ್ನ ತಮ್ಮನ ವಿಷಯ. ಕಣ್ಣು ಚುರುಕು, ಹೆಜ್ಜೆ ಹಗುರ, ಬಾಯಿ ಮಾತ್ರ ಙ್ಗೋನಿ. ದಾರಿಯಲ್ಲಿ ಗಕ್ಕನೆ ಕೈ ಎತ್ತಿದ. ಎಲ್ಲರೂ ಉಸಿರು ಬಿಗಿಹಿಡಿದು ನಿಂತೆವು. ಮರದ ಮೇಲೆ ಬಬೂನ್ ಕೋತಿಗಳ ಸಂಸಾರ. “ಚಿಲೆಕ್ವಾ, ನಿಮ್ಮ ಮಾವನೋರು ಬಂದಿದಾರೆ, ಕಾಲಿಗೆ ಬೀಳು” ಅಂದ. ಬಿಡುತ್ತೇನೆಯೇ? ಸ್ವಲ್ಪ ದೂರ ಹೋದ ಮೇಲೆ “ನಿಲ್ಲು!” ಅಂದೆ. ಬಂದೂಕು ಇಳಿಸಿ ಕಲ್ಲಾದ. ಪೊದೆಯ ಬುಡದ ಇಲಿಬಿಲ ತೋರಿಸಿ, “ಮಧ್ಯಾಹ್ನದ ಊಟ ಬಿಟ್ಟು ಹೋಗ್ತಿದೀಯಲ್ಲೋ” ಅಂದೆ. ಚಹಾ ಬುಟ್ಟಿಯವನು ನಕ್ಕು ನಕ್ಕು ಸಕ್ಕರೆ ಚೆಲ್ಲಿದ.

ಮಿಸೆಸ್ ಪೆಂಬರ್ಟನ್‌ಗೆ ಆತಂಕವಾಯಿತು. “ನಿಮ್ಮಿಬ್ಬರಿಗೆ ಏನು ಹಗೆ?” ಎಂದು ಕೇಳಿದರು. ನಾನು ಗಂಭೀರವಾಗಿ ವಿವರಿಸಿದೆ. ಅಮ್ಮಾ, ನಮ್ಮ ಮುತ್ತಜ್ಜಂದಿರೂ ಇವರ ಮುತ್ತಜ್ಜಂದಿರೂ ಭರ್ಜಿ ಹಿಡಿದು ಕಡಿದಾಡಿದರು. ಕೈ ಸೋತ ಮೇಲೆ ರಾಜಿಯಾಯಿತು: ಇನ್ನು ಮುಂದೆ ಭರ್ಜಿ ಬೇಡ, ಬೈಗುಳ ಸಾಕು. ಅಂದಿನಿಂದ ಬೆಂಬಾಗೆ ಙ್ಗೋನಿ ಗೇಲಿನಂಟ, ಙ್ಗೋನಿಗೆ ಬೆಂಬಾ ಗೇಲಿನಂಟ. ಗೇಲಿನಂಟ ಏನಂದರೂ ಸಿಟ್ಟಾಗುವಂತಿಲ್ಲ. ಸಿಟ್ಟಾದವನೇ ತಪ್ಪಿತಸ್ಥ.

“ಸಾವಿನ ಮನೆಯಲ್ಲೂ?” ಎಂದರು.

“ಸಾವಿನ ಮನೆಯಲ್ಲೇ ಮುಖ್ಯ” ಎಂದೆ. ನನ್ನಪ್ಪ ತೀರಿದಾಗ ನೀನು ಬೆಟ್ಟ ಹತ್ತಿ ನಮ್ಮ ಮ್ಪಿಕಾದವರೆಗೆ ಬಂದದ್ದು, ತೋಡಿದ ಗುಂಡಿಗೆ ಇಳಿದು ಅಂಗಾತ ಮಲಗಿ, “ಮುದುಕಾ, ಬದುಕಿದ್ದಾಗಲೂ ಚಾಪೆ ಪೂರ್ತಿ ನಿಂದೇ, ಈಗಲಾದ್ರೂ ಜರುಗು!” ಎಂದು ಕೂಗಿದ್ದು ಹೇಳಿದೆ. ಸತ್ತವನ ಮನೆಯ ಹಿರಿಯರು ನಗುವವರೆಗೆ ಗೇಲಿನಂಟ ಏಳುವಂತಿಲ್ಲ, ಅವರು ನಗದೆ ಸತ್ತವನು ಹೊರಡುವಂತಿಲ್ಲ ಎಂದು ಹೇಳಿದೆ. ಸಾವಾದ ಮೇಲೆ ಒಂದು ತುತ್ತು ತಿನ್ನದ ನನ್ನಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕದ್ದು, ಆಮೇಲೆ ಗಂಜಿ ಕುಡಿದದ್ದು ಹೇಳಿದೆ. ಮಿಸೆಸ್ ಪೆಂಬರ್ಟನ್ ಕಣ್ಣೊರೆಸಿಕೊಂಡರು. ಮಟೆಯೊ ಮಾತ್ರ ಹಿಂದೆ ತಿರುಗಿ, “ಇವನು ಸತ್ತಾಗ ನಾನು ಗುಂಡೀಲಿ ಮಲಗಿ ಬಾಳೆಹಣ್ಣು ಕೇಳ್ತೀನಮ್ಮಾ” ಅಂದ.

ಹೆದರಬೇಡ. ಎರಡು ಕಾಲೂ ಕಳಿಸುತ್ತೇನೆ. ಬಾಯಿ ಇಲ್ಲೇ ಇಟ್ಟುಕೊಳ್ಳುತ್ತೇನೆ.

ನಿನ್ನಂಥವರ ಸಹವಾಸದಿಂದ ಕೆಟ್ಟ,
ಚಿಲೆಕ್ವಾ ಕಪೆಂಬ್ವಾ


ಚಿಪಾಟಾ
ಸೆಪ್ಟೆಂಬರ್ 9, 1995

ಬಾಲ ಉದುರಿದ್ದೊಂದೇ ಸಾಧನೆಯೆಂದು ಬೀಗುವ ಚಿಲೆಕ್ವಾನಿಗೆ,

ನಿನ್ನ ವರದಿಯನ್ನು ಟಿಸೌಕೆಗೆ ಓದಿ ಹೇಳಿದೆ. ಬಿಲದ ಕಥೆಗೆ ಹೊಟ್ಟೆ ಹಿಡಿದುಕೊಂಡು ನಕ್ಕು, ಹೆರಿಗೆ ಈಗಲೇ ಆಗಿಬಿಡುತ್ತದೆಂದು ಹೆದರಿಸಿದಳು. ಮಗು ಗಂಡಾದರೆ ನಿನ್ನ ಹೆಸರು ಇಡಬೇಕೆಂದು ಮಟೆಯೊ ಬರೆದಿದ್ದಾನೆ. ಮಗು ಏನು ಪಾಪ ಮಾಡಿತ್ತು?

ಅವನ ಪತ್ರದ ತುಂಬ ಬಿಲ, ಕೋತಿ, ಮಾವ ಇದೇ. ದಿನವೂ ನಡೆದಿದೆ ಎಂದು ಕಾಣುತ್ತದೆ. ಅದಕ್ಕೇ ಈ ನಾಲ್ಕು ಸಾಲು. ನಾನು ಮುಂದೆ, ನೀನು ಹಿಂದೆ ನಡೆದ ಕಾಲ ನೆನಪಿಸಿಕೋ. ಕ್ಯಾಂಪಿನಲ್ಲಿ ಉಣ್ಣುವಾಗ ಬೈದೆ, ಚಹಾದ ಮರದಡಿ ಬೈದೆ, ನೀನು ಸ್ನಾನಕ್ಕೆ ಹೋದಾಗ ಬಟ್ಟೆ ಅಡಗಿಸಿಟ್ಟು ಬೈದೆ. ದಾರಿಯ ಮೇಲೆ ಕಾಲಿಟ್ಟ ಮೇಲೆ ಒಂದು ದಿನ ನಿನ್ನನ್ನು ಕೋತಿ ಅಂದಿದ್ದೇನೆಯೇ? ದಾರಿಯ ಮೇಲೆ ಮಾತು ಒಂದೇ ಅರ್ಥದ್ದಿರಬೇಕು. ಇದನ್ನು ನಾನು ನಿನಗೆ ಹೇಳಿರಲಿಲ್ಲ, ಹೇಳುವ ಅಗತ್ಯ ಬಿದ್ದಿರಲಿಲ್ಲ. ಅವನಿಗೆ ಹೇಳಿದರೆ, ಮುದುಕ ಲಂಗ ಹೊಲಿದು ಹೊಲಿದು ಹೆಣ್ಣಪ್ಪಿಯಾದ ಅನ್ನುತ್ತಾನೆ. ನೀನು ಹೇಳಿದರೆ ಕೇಳುತ್ತಾನೆ. ಹೇಳು.

ಇಂತಿ ನಿನ್ನ ಒಡೆಯ,
ಜಕೆಯೊ


ಕತಂಬಾ ಕ್ಯಾಂಪ್
ಸೆಪ್ಟೆಂಬರ್ 12, 1995

ಜಕೆಯೊ,

ಇಲಾಖೆಯವರು ರೇಡಿಯೋದಲ್ಲಿ ತಿಳಿಸಿರುತ್ತಾರೆ. ಅವರ ವರದಿ ಅಚ್ಚುಕಟ್ಟಾಗಿದೆ, ಅದರಲ್ಲಿ ಯಾರೂ ಮಾತೇ ಆಡುವುದಿಲ್ಲ. ಅದಕ್ಕಾಗಿ ನಾನು ಬರೆಯುತ್ತಿದ್ದೇನೆ.

ನಿನ್ನೆ ಒಳ್ಳೆಯ ದಿನವಾಗಿತ್ತು. ಹಾಗೆ ಬರೆಯುವುದು ತಪ್ಪೇನೋ, ಆದರೆ ಆಗಿತ್ತು. ಹಲ್ಲಿನ ಡಾಕ್ಟರೊಬ್ಬರು, ಅವರ ಹೆಂಡತಿ, ದೊಡ್ಡ ಹೆಣ್ಣುಮಕ್ಕಳಿಬ್ಬರು. ಡಾಕ್ಟರು ನೀರಾನೆ ಬಾಯಿ ತೆರೆದಾಗಲೆಲ್ಲ ದವಡೆ ಹಲ್ಲಿನ ಬಗ್ಗೆ ದುಃಖಪಡುತ್ತಿದ್ದರು. ನದಿಯ ದಂಡೆಯ ಗೂಡುಗಳಿಗೆ ಕೆಂಪು ಜೇನುಹಿಡುಕ ಹಕ್ಕಿಗಳು ಬಂದು ಸೇರಿವೆ, ದಂಡೆಗೇ ಬೆಂಕಿ ಬಿದ್ದ ಹಾಗೆ. ಒಂದು ಹೆಣ್ಣುಸಿಂಹ ಜಿಂಕೆಯನ್ನು ಕೆಡವಿ, ದಣಿದು, ಅದರ ಮೇಲೆ ಗಲ್ಲ ಇಟ್ಟು ಮಲಗಿದ್ದನ್ನು ಎಲ್ಲರೂ ಕಣ್ತುಂಬ ನೋಡಿದರು. ಮಟೆಯೊ ಅವರನ್ನು ಗಾಳಿಗೆ ಎದುರಾಗಿ ಕರೆದುಕೊಂಡು ಹೋಗಿದ್ದ, ಸಿಂಹಕ್ಕೆ ನಾವು ಇರುವುದೇ ಗೊತ್ತಾಗಲಿಲ್ಲ. ನೀನಿದ್ದಿದ್ದರೂ ಅದಕ್ಕಿಂತ ಚೆನ್ನಾಗಿ ಮಾಡುತ್ತಿರಲಿಲ್ಲ.

ಬೆಳಗಿನಿಂದ ನಾನು ಆಗಾಗ “ನಿಲ್ಲು” ಅಂದಿದ್ದೆ. ಪ್ರತಿ ಸಲವೂ ಬಿಲ. ಹೆಣ್ಣುಮಕ್ಕಳು ನಗುತ್ತಿದ್ದರು.

ಚಹಾ ಆದ ಮೇಲೆ ಒಣಗಿದ ಮಡುವಿನ ಬದಿಯ ಪೊದೆಸಾಲಿನಲ್ಲಿ ಹಿಂದಿರುಗುತ್ತಿದ್ದೆವು. ಪೊದೆಯೊಳಗಿಂದ ಹಕ್ಕಿಗಳು ಬುಸ್ಸೆಂದು ಎದ್ದವು. ಕಾಡೆಮ್ಮೆಗಳ ಬೆನ್ನಿನ ಉಣ್ಣೆಹುಳ ಹೆಕ್ಕುತ್ತವಲ್ಲ, ಆ ಹಕ್ಕಿಗಳು. ನಾನು “ನಿಲ್ಲು” ಅಂದೆ. ಮಟೆಯೊ ನಿಲ್ಲಲಿಲ್ಲ. ನಡೆಯುತ್ತಲೇ ಮುಖ ಹಿಂದೆ ತಿರುಗಿಸಿ, ಹುಡುಗಿಯರ ಕಡೆ ನೋಡಿ, “ಚಿಲೆಕ್ವಾಗೆ ಹಸಿವಾಗಿದೆ, ಕಣ್ಣೆಲ್ಲ ನನ್ನ ಊಟದ ಮೇಲೆ” ಅಂದ. ನಗುತ್ತಿದ್ದ. ಮುದಿ ಒಂಟಿ ಕೋಣ ಬಂದದ್ದು ಅವನು ನೋಡದೆ ಇದ್ದ ಕಡೆಯಿಂದ. ಬಂದೂಕು ಹೆಗಲಿನಿಂದ ಇಳಿಯಲೇ ಇಲ್ಲ.

ಆಮೇಲೆ ಆ ಬಂದೂಕಿನಿಂದಲೇ ನಾನು ಕೋಣವನ್ನು ಕೊಂದೆ. ಅತಿಥಿಗಳಿಗೆ ಏನೂ ಆಗಿಲ್ಲ. ಡಾಕ್ಟರು ಮೊಣಕಾಲೂರಿ ಕೈಲಾದದ್ದೆಲ್ಲ ಮಾಡಿದರು, ಹಲ್ಲಿನ ಡಾಕ್ಟರು. ಮಟೆಯೊ ಸ್ವಲ್ಪ ಹೊತ್ತು ಇದ್ದ. ಅವನು ಮಾತಾಡಲಿಲ್ಲ. ನಾನು ಆಡಿದೆ. ಏನು ಅಂತ ಈಗ ಬರೆಯಲಾರೆ.

ನಾನು ನಿಲ್ಲು ಅಂದದ್ದು ಬೆಳಗಿನದೇ ದನಿಯಲ್ಲಿ. ನನಗಿರುವುದು ಅದೊಂದೇ ದನಿ.

ನಿನ್ನ ಒಂಬತ್ತನೇ ತಾರೀಕಿನ ಪತ್ರ ಇವತ್ತು ಬಂತು. ಅದನ್ನು ತಂದ ಲಾರಿಯಲ್ಲೇ ಅವನನ್ನು ಕಳಿಸುತ್ತಿದ್ದೇನೆ. ಮೈ ತೊಳೆದು ನನ್ನ ಬಿಳಿ ಅಂಗಿ ತೊಡಿಸಿದ್ದೇನೆ. ಹೇಳಿಕೆ ಕೊಡಬೇಕೆಂದು ಪೊಲೀಸರು ನನ್ನನ್ನು ಇಲ್ಲೇ ಇರಿಸಿದ್ದಾರೆ, ನಾಳೆ ಸಂಜೆ ಬಿಡುತ್ತಾರಂತೆ. ಗುಂಡಿ ಮುಚ್ಚುವ ಮೊದಲು ಚಿಪಾಟಾಕ್ಕೆ ಬಂದು ಸೇರುತ್ತೇನೆ. ಅಲ್ಲಿ ನನ್ನ ಕೆಲಸವೇನೆಂದು ನನಗೆ ಗೊತ್ತು. ನನ್ನಪ್ಪನಿಗೆ ನೀನು ಮಾಡಿದೆ.

ಬರಲೇ? ಇದೇ ಲಾರಿಯವನ ಕೈಯಲ್ಲಿ ಒಂದು ಬೈಗುಳ ಬರೆದು ಕಳಿಸು, ಸಾಕು. ಯಾವುದಾದರೂ.

ಚಿಲೆಕ್ವಾ


ಚಿಪಾಟಾ
ಸೆಪ್ಟೆಂಬರ್ 13, 1995

ಮಾನ್ಯ ಶ್ರೀ ಚಿಲೆಕ್ವಾ ಕಪೆಂಬ್ವಾ ಅವರಿಗೆ,

ತಾವು ಕಳುಹಿಸಿದ ಪತ್ರ ಕೈಸೇರಿತು. ಮಟೆಯೊನ ದೇಹವನ್ನು ಶುಚಿ ಮಾಡಿ, ಬಟ್ಟೆ ತೊಡಿಸಿ ತಲುಪಿಸಿದ್ದಕ್ಕಾಗಿ ನಮ್ಮ ಮನೆಯವರೆಲ್ಲರೂ ತಮಗೆ ಕೃತಜ್ಞರಾಗಿದ್ದಾರೆ. ಅಂಗಿಯನ್ನು ಒಗೆಸಿ ಇದರ ಜೊತೆ ಹಿಂದಿರುಗಿಸಲಾಗಿದೆ. ಅವನನ್ನು ಇಲ್ಲಿಯದೇ ಅಂಗಿಯಲ್ಲಿ ಮಣ್ಣು ಮಾಡುತ್ತೇವೆ.

ತಾವು ಅಷ್ಟು ದೂರದಿಂದ ಬರುವ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ.

ತಾವು ಆರೋಗ್ಯವಾಗಿರುವಿರೆಂದು ನಂಬಿದ್ದೇನೆ.

ವಂದನೆಗಳೊಂದಿಗೆ,
ಜಕೆಯೊ ಜೆರೆ


ಕತಂಬಾ ಕ್ಯಾಂಪ್
ಅಕ್ಟೋಬರ್ 15, 1995

ಇಲಿಗಳೂ ತಮ್ಮ ಜೊತೆ ಹೋಲಿಸಬೇಡಿ ಎಂದು ದೂರು ಕೊಟ್ಟಿರುವ, ಙ್ಗೋನಿಗಳಲ್ಲಿ ಅತಿ ಗಿಡ್ಡ, ಅತಿ ಜಿಪುಣ, ಅತಿ ಕುರೂಪಿ ಜಕೆಯೊನಿಗೆ,

ನಿನ್ನ ಪತ್ರವನ್ನು ನೇರವಾಗಿ ಓದಿದೆ, ತಲೆಕೆಳಗು ಹಿಡಿದು ಓದಿದೆ, ಬೆಳಕಿಗೆ ಹಿಡಿದು ಹಿಂಬದಿಯಿಂದಲೂ ಓದಿದೆ. ಎಲ್ಲೂ ಒಂದು ಕೋತಿ ಸಿಗಲಿಲ್ಲ. ‘ತಾವು’ ಮಾತ್ರ ಸಾಲು ಸಾಲಾಗಿ ಕೂತಿದ್ದವು, ಸತ್ತ ಹಸುವಿನ ಸುತ್ತ ರಣಹದ್ದು ಕೂತ ಹಾಗೆ. ಯಾವ ಪಾದ್ರಿಯ ಹತ್ತಿರ ಕಲಿತೆ ಈ ಭಾಷೆಯನ್ನು? ನಿನ್ನ ಬಾಯಿಗೆ ಅದು ದೊಗಳೆ. ಹೊಲಿಯುವವನು ನೀನು, ಅಳತೆ ನೋಡಬೇಡವೇ?

ಕೊಲೆಗಡುಕ ಅಂದಿದ್ದರೆ ಅವತ್ತೇ ಓಡಿ ಬರುತ್ತಿದ್ದೆ. ನಿನ್ನ ಮನೆಯ ಬಾಗಿಲಲ್ಲಿ ಬಿದ್ದುಕೊಂಡು ಒದೆಸಿಕೊಳ್ಳುತ್ತಿದ್ದೆ. ಒದೆಯುವುದಕ್ಕೆ ನಿನಗೆ ಇನ್ನೂ ಒಂದು ಕಾಲಿದೆ. ‘ಶ್ರಮ ತೆಗೆದುಕೊಳ್ಳಬೇಕಾಗಿಲ್ಲ’ ಎಂಬ ಮಾತಿಗೆ ಎದುರು ನಿಂತು ಬರುವುದು ಹೇಗೆಂದು ನನಗೆ ಯಾರೂ ಕಲಿಸಿಲ್ಲ. ಅಂಗಿಯನ್ನು ತೊಟ್ಟಿಲ್ಲ. ಇಸ್ತ್ರಿ ಮಾಡಿ ಕಳಿಸಿದ್ದೀಯ. ಅದನ್ನು ನೋಡಲಾರೆ.

ಈಗ ಮುಂದೆ ನಡೆಯುವವನು ಹೊಸಬ, ಈ ಕಣಿವೆಯವನೇ. ನಗುವುದಿಲ್ಲ, ಮಾತಾಡುವುದಿಲ್ಲ. ನಾನು ನಿಲ್ಲು ಅಂದರೆ ನಿಲ್ಲುತ್ತಾನೆ. ಮೊನ್ನೆ ಅತಿಥಿಯೊಬ್ಬರು ಶೂ ದಾರ ಕಟ್ಟಿಕೊಳ್ಳಲೆಂದು ನಿಲ್ಲು ಅಂದೆ. ಬಂದೂಕು ಇಳಿಸಿ, ಪೊದೆಯ ಕಡೆ ಗುರಿಯಿಟ್ಟು, ನಾನು ಹೂಂ ಅನ್ನುವವರೆಗೆ ಹಾಗೇ ನಿಂತಿದ್ದ. ಅಂಥವನ ಹಿಂದೆ ನಡೆಯುವುದು ಸುರಕ್ಷಿತ. ನಡೆಯುತ್ತಿದ್ದೇನೆ.

ಹೆರಿಗೆ ಆಯಿತೇ? ಅದೊಂದನ್ನಾದರೂ ತಿಳಿಸು. ‘ತಾವು’ ಹಾಕಿಯೇ ತಿಳಿಸು.

ನಿನ್ನ,
ಚಿಲೆಕ್ವಾ


ಚಿಪಾಟಾ
ನವೆಂಬರ್ 5, 1995

ಕೋತಿ ತಿನ್ನುವ ಅಣ್ಣನಿಗೆ,

ನಾನು ಟಿಸೌಕೆ, ಮಟೆಯೊನ ಹೆಂಡತಿ. ಭಾವನ ಹಾಗೆ ಬಯ್ಯಲು ನನಗೆ ಬರುವುದಿಲ್ಲ, ಮೇಲೆ ಹಾಕಿದ್ದೊಂದನ್ನೇ ಇಟ್ಟುಕೊಳ್ಳಿ.

ಹೆಣ್ಣು ಮಗು. ಆರೋಗ್ಯವಾಗಿದ್ದಾಳೆ. ನಿಮ್ಮ ಪತ್ರವನ್ನು ಭಾವ ಓದಿ ಮಡಚಿ ಯಂತ್ರದ ಖಾನೆಯಲ್ಲಿ ಇಟ್ಟರು. ಉತ್ತರ ಬರೆಯಿರಿ ಎಂದು ನಾನು ಎರಡು ಸಲ ಹೇಳಿದೆ. “ಬರೆಯೋದಕ್ಕೆ ಏನಿದೆಯಮ್ಮಾ” ಎಂದರು.

ನಿಮಗೊಂದು ವಿಷಯ ಹೇಳಬೇಕು. ನಮ್ಮವರನ್ನು ಮಣ್ಣು ಮಾಡಿದ ದಿನ ಯಾರೂ ಗೇಲಿ ಮಾಡಲಿಲ್ಲ. ಮಾರುಕಟ್ಟೆಯ ಉಪ್ಪುಮೀನಿನ ಅಂಗಡಿಯ ಬೆಂಬಾ ಮುದುಕ ತನ್ನ ಕೆಲಸವೆಂದು ಬಂದಿದ್ದ. ಬುಟ್ಟಿಯನ್ನು ತಲೆಗೆ ಟೋಪಿಯ ಹಾಗೆ ಹಾಕಿಕೊಂಡು, ಆಗಲೇ ಗುಂಡಿಯ ಹತ್ತಿರ ಕುಣಿಯಲು ಶುರು ಮಾಡಿದ್ದ. ಭಾವ ಅವನೆದುರು ಹೋಗಿ ಕೈ ಮುಗಿದು “ಬೇಡಿ ಅಜ್ಜಾ” ಎಂದರು. ಅವನು ಬುಟ್ಟಿ ಕೆಳಗಿಳಿಸಿ ಹೊರಟುಹೋದ. ಆಮೇಲೆ ಮಣ್ಣು ಬೀಳುವ ಸದ್ದೊಂದೇ.

ಹಿರಿಯರು ನಗಲಿಲ್ಲ, ಮಟೆಯೊ ಇನ್ನೂ ಅಂಗಳದಲ್ಲೇ ಇದ್ದಾನೆ ಎಂದು ಬೀದಿಯ ಮುದುಕಿಯರು ಹೇಳುತ್ತಾರೆ. ಅದು ನನಗೆ ಗೊತ್ತಿಲ್ಲ. ಅವತ್ತು ಮಾತಾಡಿದವರೆಲ್ಲ ಒಳ್ಳೆಯವನು, ವಿಧೇಯ, ದೈವಭಕ್ತ ಎಂದರು. ನನ್ನ ಗಂಡ ಹಾಗಿರಲಿಲ್ಲ. ಗೊರಕೆ ಹೊಡೆಯುತ್ತಿದ್ದರು. ಅನ್ನದ ಗಂಜಿಗೆ ನಾನು ಕಾಣದ ಹಾಗೆ ಸಕ್ಕರೆ ಹಾಕಿಕೊಳ್ಳುತ್ತಿದ್ದರು. ಪ್ರಾರ್ಥನೆಯಲ್ಲಿ ತೂಕಡಿಸುತ್ತಿದ್ದರು. ಯಾರನ್ನು ಮಣ್ಣು ಮಾಡಿದರು ಎಂದು ನನಗೆ ಗೊತ್ತಾಗಲಿಲ್ಲ ಅಣ್ಣಾ.

ಈ ತಿಂಗಳು ಇಪ್ಪತ್ತೈದಕ್ಕೆ ಸೂತಕ ಕಳೆಯುವ ಬಿಯರ್ ಇಟ್ಟಿದ್ದಾರೆ. ಎಲ್ಲರೂ ಹಿತ್ತಲಿನ ಸಮಾಧಿಗೆ ಹೋಗಿ ಬಂದು ಕುಡಿಯುತ್ತಾರೆ. ಅದಾದ ಮೇಲೆ ಯಾರೂ ಏನೂ ಮಾಡುವ ಹಾಗಿಲ್ಲ. ಭಾವ ನಿಮ್ಮನ್ನು ಕರೆಯುವುದಿಲ್ಲ. ನಾನು ಕರೆಯುತ್ತಿದ್ದೇನೆ. ಕರೆಯುತ್ತೇನೆ ಎಂದು ಅವರಿಗೂ ಹೇಳಿದ್ದೇನೆ. ಬೇಡ ಎನ್ನಲಿಲ್ಲ. ಯಂತ್ರ ತುಳಿದರು.

ಬಂದು ನನ್ನ ಗಂಡನನ್ನು ಬಯ್ಯಿರಿ.

ಟಿಸೌಕೆ


ಕತಂಬಾ ಕ್ಯಾಂಪ್
ನವೆಂಬರ್ 28, 1995

ಜಕೆಯೊ,

ನೀನು ಹೊರಟುಹೋದ ಮೇಲೆ ಏನಾಯಿತೆಂದು ನಿನಗೆ ಯಾರಾದರೂ ಹೇಳಿದರೋ ಇಲ್ಲವೋ. ನಾನೇ ಹೇಳುತ್ತೇನೆ.

ಮೊದಲು ನಿನ್ನ ಬಗ್ಗೆ ದೂರು. ನಾನು ಬೇಲಿಯ ಹತ್ತಿರ ಬಂದಾಗ ನೀನು ಊರುಗೋಲು ಊರಿಕೊಂಡು ಎದುರು ಬಂದು, “ಬನ್ನಿ, ಕೂತ್ಕೊಳ್ಳಿ, ಪ್ರಯಾಣ ಸುಖವಾಗಿತ್ತಾ?” ಅಂದೆ. ಕುರ್ಚಿ ಹಾಕಿಸಿದೆ. ನನಗೆ ಕುರ್ಚಿ! ಜಿಲ್ಲಾಧಿಕಾರಿಗೆ ಹಾಕುವ ಹಾಗೆ, ಕೈ ಇರುವ ಕುರ್ಚಿ. ಕೋಳಿಯ ತೊಡೆ ಕೊಡಿಸಿದೆ. ನಿನ್ನ ಮನೆಯಲ್ಲಿ ಇಷ್ಟು ವರ್ಷ ನನಗೆ ಸಿಕ್ಕಿದ್ದು ಕೋಳಿಯ ಕುತ್ತಿಗೆ, ಅದೂ ಕಿತ್ತುಕೊಂಡು ತಿಂದದ್ದು. ಆ ತೊಡೆಯನ್ನು ತಿಂದೆ. ಅದರ ರುಚಿ ನನ್ನ ಶತ್ರುವಿಗೂ ಬೇಡ.

ಸಮಾಧಿಯ ಹತ್ತಿರ ಎಲ್ಲರೂ ತಲೆ ತಗ್ಗಿಸಿ ನಿಂತಿದ್ದಾಗ ಟಿಸೌಕೆ ನನ್ನನ್ನೇ ನೋಡುತ್ತಿದ್ದಳು. ಕಂಕುಳಲ್ಲಿ ಮಗು. ನಾನು ಹೋಗಿ ಮಣ್ಣಿನ ಮೇಲೆ ಅವನ ಪಕ್ಕದಲ್ಲಿ ಅಂಗಾತ ಮಲಗಿದೆ. ಮುಂದಿನದನ್ನು ನೀನೇ ಕೇಳಿದ್ದೀಯ. “ಏ ಇಲಿ ತಿನ್ನೋನೇ, ಜೀವಮಾನ ಪೂರ್ತಿ ಬಿಲದೊಳಗೆ ತಲೆ ಹಾಕಿ ನೋಡ್ತಿದ್ದೆ, ಈಗ ಪೂರ್ತಿ ಒಳಗೇ ಹೋದ್ಯಾ?” ಅಂದೆ. “ನಿನ್ನ ಗೊರಕೆಗೆ ಹೆಣ್ಣು ನೀರಾನೆ ಉತ್ತರ ಕೊಡ್ತಿತ್ತು, ನೀನಿಲ್ಲ ಅಂತ ಅದು ಉಪವಾಸ ಕೂತಿದೆ” ಅಂದೆ. ಯಾರೂ ನಗಲಿಲ್ಲ. ಎಲ್ಲರೂ ನಿನ್ನ ಮುಖ ನೋಡುತ್ತಿದ್ದರು. ನೀನು ಮರ ನೋಡುತ್ತಿದ್ದೆ.

ಮೂರನೆಯದನ್ನು ನಾನು ಕಟ್ಟಿಕೊಂಡು ಬಂದಿರಲಿಲ್ಲ. “ನಿಲ್ಲು ಅಂದಾಗ ನಿಲ್ಲಲಿಲ್ಲ. ಈಗ ಏಳು ಅಂತಿದೀನಿ, ಏಳ್ತಾ ಇಲ್ಲ. ಯಾವತ್ತಾದ್ರೂ ಒಂದು ದಿನ ಹೇಳಿದ ಮಾತು ಕೇಳಿದೀಯೇನೋ ಮಗನೇ ನೀನು?” ಬಾಯಿಂದ ಬಂದುಬಿಟ್ಟಿತು.

ಆಗಲೇ ಅಲ್ಲವೇ ನೀನು ತಿರುಗಿ ಹೊರಟದ್ದು? ಊರುಗೋಲು ಮಣ್ಣಿಗೆ ಕುಟ್ಟುವ ಸದ್ದು ಕೇಳಿತು, ನಿನ್ನ ಮನೆಯ ಬಾಗಿಲು ಹಾಕಿದ್ದು ಕೇಳಿತು. ಮಲಗಿದವನಿಗೆ ಇನ್ನೇನು ಕಂಡೀತು? ಆಕಾಶ ಕಂಡಿತು. ಮಳೆ ಮೋಡ.

ಆಮೇಲೆ ಟಿಸೌಕೆ ನಕ್ಕಳು. ಒಬ್ಬಳೇ. ಮೊದಲು ಮೂಗಿನಿಂದ, ಆಮೇಲೆ ಬಾಯಿ ಬಿಟ್ಟು. ನಿಲ್ಲಲಾಗದೆ ಕೂತು ನಕ್ಕಳು. ಅದು ಯಾವಾಗ ಅಳುವಾಯಿತೋ ಮಗುವಿಗೆ ಮಾತ್ರ ಗೊತ್ತು, ಅದೂ ಕೂಗಲು ಶುರು ಮಾಡಿತು. ಮುದುಕಿಯರು ಅವಳನ್ನು ಕರೆದುಕೊಂಡು ಹೋದರು. ಉಳಿದವರು ಬಿಯರಿಗೆ ಹೋದರು. ನಾನು ಮಲಗಿದ್ದೆ. ಹಿರಿಯ ನಗುವವರೆಗೆ ಏಳುವಂತಿಲ್ಲವಲ್ಲ. ಮಳೆ ಬಂತು. ನೀನು ಬರಲಿಲ್ಲ. ಕೊನೆಗೆ ಎದ್ದುಬಿಟ್ಟೆ. ನಿಯಮ ಮುರಿದೆ. ನನ್ನ ಕೈಯಲ್ಲಿ ಅವನನ್ನು ಕಳಿಸಲು ಆಗಲಿಲ್ಲ ಜಕೆಯೊ, ಕಾಡಿನಿಂದಲೂ ಆಗಲಿಲ್ಲ, ಅಂಗಳದಿಂದಲೂ ಆಗಲಿಲ್ಲ.

ಇನ್ನೊಂದು ಸಲ ಬರಲು ಬಿಡು. ಆ ಮಾತು ಬಿಟ್ಟು ಬೇರೆ ಬಯ್ಯುತ್ತೇನೆ.

ಚಿಲೆಕ್ವಾ


ಚಿಪಾಟಾ
ಡಿಸೆಂಬರ್ 6, 1995

ಮಾನ್ಯ ಶ್ರೀ ಚಿಲೆಕ್ವಾ ಕಪೆಂಬ್ವಾ ಅವರಿಗೆ,

ತಾವು ನಿಯಮ ಮುರಿದಿಲ್ಲ. ತಾವು ಏಳುವ ಎಷ್ಟೋ ಮೊದಲೇ ಆಗಬೇಕಾದ್ದು ಆಗಿತ್ತು.

ಹೇಳಿದ ಮಾತು ಯಾವತ್ತಾದರೂ ಕೇಳಿದ್ದೀಯಾ ಎಂದು ತಾವು ಅವನನ್ನು ಕೇಳಿದಿರಿ. ಅವನು ಇಷ್ಟುದ್ದ ಇದ್ದಾಗಿನಿಂದ ನಾನು ದಿನಾ ಬೆಳಿಗ್ಗೆ ಅವನಿಗೆ ಹೇಳುತ್ತಿದ್ದದ್ದು ಅದನ್ನೇ. ತಮ್ಮ ಬಾಯಲ್ಲಿ ಅದು ಬಂದಾಗ, ಅವನು ನನ್ನ ಮುಂದೆ ಹೇಗೆ ಮುಖ ಮಾಡಿಕೊಂಡು ನಿಲ್ಲುತ್ತಿದ್ದನೋ ಹಾಗೇ ಕಂಡ. ನನಗೆ ನಗು ಬಂತು. ತಡೆಯಲು ನೋಡಿದೆ. ಆಗುವುದಿಲ್ಲವೆಂದು ತಿಳಿದ ಮೇಲೆ ಒಳಗೆ ಹೋದೆ. ಬಾಗಿಲು ಹಾಕಿ, ಹೊಲಿಯಲು ಬಂದ ಲಂಗವೊಂದನ್ನು ಬಾಯಿಗೆ ತುರುಕಿಕೊಂಡು, ಯಂತ್ರದ ಕೆಳಗೆ ಬಿದ್ದು ನಕ್ಕೆ. ಅಷ್ಟು ನಗು ನನ್ನಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಹಾಗಾಗಿ ಅವನು ಅಂಗಳ ಬಿಟ್ಟು ಹೋದ. ಟಿಸೌಕೆಗೆ ಹೇಳಿದ್ದೇನೆ. ಆಕೆ ಈಗ ಉಣ್ಣುತ್ತಿದ್ದಾಳೆ.

ಆ ನಗುವನ್ನು ತಮಗೆ ತೋರಿಸಲು ನನಗೆ ಮನಸ್ಸಾಗಲಿಲ್ಲ. ಆ ದಿನ ದಾರಿಯ ಮೇಲೆ ಅವನೂ ನಗುತ್ತಲೇ ಹಿಂದೆ ತಿರುಗಿದ್ದ.

ದಯವಿಟ್ಟು ಮತ್ತೆ ಬರಬೇಡಿ. ಪತ್ರವನ್ನೂ ಬರೆಯಬೇಡಿ. ತಾವು ಬರೆದರೆ ನಾನು ಓದುತ್ತೇನೆ. ಓದಿದರೆ ನನಗೆ ನಗು ಬರುತ್ತದೆ.

ಇಂತಿ,
ಜಕೆಯೊ ಜೆರೆ